ಅಗ್ಗದ ಸ್ಪ್ರಿಂಗ್ ಕಂಪ್ರೆಸರ್‌ನಲ್ಲಿ ಸ್ಟ್ರಟ್ ಬಿಚ್ಚಿ ಕಟ್ಟಿದ್ದು: ನನ್ನ ಅನುಭವ

ಸ್ಪ್ರಿಂಗನ್ನು ಒತ್ತಿ ಹಿಡಿಯುವ, ಎರಡು ಉದ್ದ ಬೋಲ್ಟು, ನಾಲ್ಕು ಕೊಕ್ಕೆಯ ಸ್ಪ್ರಿಂಗ್ ಕಂಪ್ರೆಸರ್ ಇಟ್ಟುಕೊಂಡು ಮನೆಯಲ್ಲೇ ಕಾರಿನ ಸ್ಟ್ರಟ್ (ಶಾಕ್ ಅಬ್ಸಾರ್ಬರ್ ಸುತ್ತ ಒತ್ತಿದ ಸ್ಪ್ರಿಂಗ್ ಕೂರಿಸಿದ ಜೋಡಣೆ) ಬಿಚ್ಚುತ್ತೇನೆ ಅಂದಾಗ ಬೈಯದವರಿಲ್ಲ. ಶಿರಸಿಯಲ್ಲಿ ನಾನು ವರ್ಷಗಟ್ಟಲೆ ಗಾಡಿ ಬಿಡುತ್ತಿದ್ದ ಗ್ಯಾರೇಜಿನವರು, "ಹೆಗಡೇರೆ, ಬೇಕಾದ್ರೆ ಇಂಜಿನ್ ಇಳಿಸಿ, ಇದೊಂದು ಬೇಡ. ಜಾರಿದ್ರೆ ದವಡೆ ಉಳಿಯೂದಿಲ್ಲ" ಅಂದರು. ಹುಬ್ಬಳ್ಳಿಯ ಭಾವ ಫೋನಿನಲ್ಲಿ ಇನ್ನೂ ಜೋರು ಮಾಡಿದರು. ಅವರ ಹೆದರಿಕೆ ಸುಳ್ಳೇನಲ್ಲ. ಆದರೂ ನನ್ನ 2013ರ ಸ್ವಿಫ್ಟ್ ಡೀಸೆಲ್‌ಗೆ ಮುಂದಿನ ಎರಡೂ ಸ್ಟ್ರಟ್ ಹೊಸದು ಹಾಕಿದ್ದಾಯಿತು. ಅದಾದ ಮೇಲೆ ತಮ್ಮನ ವ್ಯಾಗನಾರ್, ಪಕ್ಕದ ಮನೆಯವರ ಆಲ್ಟೊ ಕೂಡ ಆಯಿತು. ಯಾರ ಬೆರಳಿಗೂ ಗೀರು ಬಿದ್ದಿಲ್ಲ. ಅಗ್ಗದ ಸೆಟ್ಟು ಅಂದರೆ ಎಲ್ಲವೂ ಒಂದೇ ಅಲ್ಲ; ಸಾವಿರ ರೂಪಾಯಿಯದ್ದು ಬೇರೆ, ಎರಡೂವರೆ ಸಾವಿರದ್ದು ಬೇರೆ. ಆ ವ್ಯತ್ಯಾಸ ತಿಳಿಯಲು ನನಗೆ ದುಡ್ಡು ಖರ್ಚಾಗಿದೆ, ನಿಮಗೆ ಆಗುವುದು ಬೇಡ ಅಂತ ಬರೆಯುತ್ತಿದ್ದೇನೆ.

ಕಾರಣ ದೇವಿಮನೆ ಘಟ್ಟ. ಕುಮಟೆಗೆ ಇಳಿದು ಹತ್ತುವ ನಮ್ಮ ಕಡೆಯ ಗಾಡಿಗಳ ಮುಂದಿನ ಶಾಕ್ ಅಬ್ಸಾರ್ಬರ್ ಬಹಳ ದಿನ ಬಾಳುವುದಿಲ್ಲ. ನನ್ನದು ಲಕ್ಷ ಕಿ.ಮೀ. ದಾಟುವಷ್ಟರಲ್ಲಿ ಎಡಗಡೆ ಎಣ್ಣೆ ಸೋರಿ, ಗುಂಡಿಗೆ ಇಳಿದಾಗೆಲ್ಲ ಟಕ್ ಟಕ್ ಶುರುವಾಗಿತ್ತು. ಒಂದು ವರ್ಕ್‌ಶಾಪ್‌ನಲ್ಲಿ ಎರಡು ಸ್ಟ್ರಟ್, ಮೌಂಟ್, ಬೇರಿಂಗ್, ಮಜೂರಿ ಸೇರಿ ಹದಿನಾಲ್ಕು ಸಾವಿರದ ಹತ್ತಿರ ಹೇಳಿದರು. ಹುಬ್ಬಳ್ಳಿಯಿಂದ ನಾನೇ ತರಿಸಿದ ಗೇಬ್ರಿಯಲ್ ಸ್ಟ್ರಟ್ ಜೋಡಿಗೆ ನಾಲ್ಕೂವರೆ ಸಾವಿರ, ಮೌಂಟು, ಬೇರಿಂಗು, ಬಂಪ್ ಸ್ಟಾಪು, ಡಸ್ಟ್ ಕವರಿಗೆ ಎಲ್ಲ ಸೇರಿ ಎರಡು ಸಾವಿರದ ಒಳಗೆ. ಉಳಿದದ್ದು ಸ್ಪ್ರಿಂಗ್ ಕಂಪ್ರೆಸರ್ ಮಾತ್ರ.

ಮೊದಲ ಸೆಟ್ಟು ಆನ್‌ಲೈನ್‌ನಲ್ಲಿ ತರಿಸಿದ್ದು, ಸಾವಿರದ ಚಿಲ್ಲರೆ. ಬೋಲ್ಟಿನ ತಲೆಯ ಮೇಲೆ ಅದರ ಬಲದ ದರ್ಜೆ ಹೇಳುವ 8.8 ಇಲ್ಲ, 10.9 ಇಲ್ಲ, ಯಾವ ಗುರುತೂ ಇಲ್ಲ. ಥ್ರೆಡ್ ಸಾಮಾನ್ಯ ಬೋಲ್ಟಿನ ಹಾಗೆ ಚೂಪು ಹಲ್ಲಿನದ್ದು. ಕೊಕ್ಕೆಯ ಒಳಮೈ ನುಣುಪು, ಅದರ ಬಾಗು ಸ್ಪ್ರಿಂಗ್ ಸರಳಿಗಿಂತ ದೊಡ್ಡದು, ಹಾಗಾಗಿ ಕೂತಲ್ಲೇ ಅಲ್ಲಾಡುತ್ತಿತ್ತು. ಹಳೆಯ ಸ್ಟ್ರಟ್ ಅನ್ನು ವೈಸ್‌ಗೆ ಕಚ್ಚಿಸಿ ಬಿಗಿಯುತ್ತ ಬಂದಾಗ ಅರ್ಧ ದಾರಿಯಲ್ಲಿ ಒಂದು ಕೊಕ್ಕೆ ಸುರುಳಿಯ ಗುಂಟ ಮೆಲ್ಲಗೆ ಸರಿಯತೊಡಗಿತು. ಎದುರುಬದುರು ಇದ್ದ ಕಂಪ್ರೆಸರಿನ ಎರಡು ಕಡ್ಡಿ (ಉದ್ದ ಬೋಲ್ಟುಗಳು) ಒಂದೇ ಮಗ್ಗುಲಿಗೆ ಹತ್ತಿರವಾದವು, ಸ್ಪ್ರಿಂಗ್ ಇನ್ನೊಂದು ಮಗ್ಗುಲಿಗೆ ಬಾಗಿತು. ಮುನ್ನೆಚ್ಚರಿಕೆಗೆಂದು ನಾನು ಸುರುಳಿಗಳ ನಡುವೆ ಸುತ್ತಿದ್ದ ಸರಪಳಿ ಬಿಗಿದು ನಿಂತಿತು. ಸರಪಳಿ ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಈ ಕೆಲಸ ಮಾಡುವವರಿಗೆ ಬಿಡಿಸಿ ಹೇಳಬೇಕಿಲ್ಲ. ಸಡಿಲಿಸಲು ಹೋದರೆ ಒಂದು ಬೋಲ್ಟಿನ ಥ್ರೆಡ್ ತಿಂದು ಕಚ್ಚಿಕೊಂಡಿತ್ತು. ಎಣ್ಣೆ ಬಿಟ್ಟು, ಕಾಲು ಸುತ್ತು ಹಿಂದೆ, ಸ್ವಲ್ಪ ಮುಂದೆ, ಮತ್ತೆ ಕಾಲು ಸುತ್ತು ಹಿಂದೆ, ಹೀಗೆ ಮಧ್ಯಾಹ್ನವಿಡೀ ಹೋಯಿತು. ಬಿಚ್ಚಿದ ಕೂಡಲೇ ಎರಡೂ ಬೋಲ್ಟನ್ನು ಹ್ಯಾಕ್ಸಾದಲ್ಲಿ ತುಂಡು ಮಾಡಿದೆ. ಗುಜರಿಗೆ ಇಡಿಯಾಗಿ ಹಾಕಿದರೆ ಇನ್ನೊಬ್ಬರು ಎತ್ತಿಕೊಂಡು ಹೋಗಿ ಬಳಸುತ್ತಾರೆ.

ಆಮೇಲೆ ಅಳೆಯದೆ ಮುಂದೆ ಹೋಗಬಾರದು ಅನ್ನಿಸಿತು. ಅಡಿಕೆ ತೂಗುವ ಪ್ಲಾಟ್‌ಫಾರ್ಮ್ ಕಾಟಾ ಮನೆಯಲ್ಲೇ ಇದೆ. ಸಿ ಚಾನೆಲ್ಲಿನ ಚೌಕಟ್ಟೊಂದನ್ನು ವೆಲ್ಡ್ ಮಾಡಿಸಿ ಅದರೊಳಗೆ ಕಾಟಾ, ಕಾಟಾದ ಮೇಲೆ ಸ್ಪ್ರಿಂಗ್, ಅದರ ಮೇಲೆ ಪ್ಲೇಟು, ಬಾಟಲ್ ಜಾಕ್. ಸ್ಪ್ರಿಂಗ್ ಪಕ್ಕಕ್ಕೆ ಚಿಮ್ಮದಂತೆ ನಡುವೆ ಜಿಐ ಪೈಪು. ಐದಾರು ಸೆಂ.ಮೀ. ಮಾತ್ರ ಒತ್ತಿದೆ. ನೆನಪಿದ್ದ ಮಟ್ಟಿಗೆ ಪ್ರತಿ ಸೆಂ.ಮೀ.ಗೆ ಇಪ್ಪತ್ತು ಇಪ್ಪತ್ತೆರಡು ಕೆಜಿ ಏರುತ್ತಿತ್ತು. ಸ್ಟ್ರಟ್‌ನೊಳಗೆ ಕೂತಾಗ ಆ ಸ್ಪ್ರಿಂಗ್ ಸುಮಾರು ಎಂಟು ಸೆಂ.ಮೀ. ಒತ್ತಿರುತ್ತದೆ, ಮೇಲಿನ ನಟ್ ಬಿಚ್ಚಲು ಇನ್ನೂ ಮೂರ್ನಾಲ್ಕು ಸೆಂ.ಮೀ. ಒತ್ತಬೇಕು. ಅಂದರೆ ಎರಡು ಕಡ್ಡಿಗಳ ನಡುವೆ ಇನ್ನೂರೈವತ್ತು ಕೆಜಿಯ ಎಳೆತ. ಒಳ್ಳೆಯ ಬೋಲ್ಟಿಗೆ ಇದು ಏನೇನೂ ಅಲ್ಲ. ಆದರೆ ಒಂದು ಕೊಕ್ಕೆ ಜಾರಿದರೆ ಅಷ್ಟೂ ಭಾರ ಓರೆಯಾಗಿ ಇನ್ನೊಂದರ ಮೇಲೆ ಬರುತ್ತದೆ. ಬಿಡುಗಡೆಯಾಗುವ ಶಕ್ತಿಯನ್ನು ಲೆಕ್ಕ ಹಾಕಿದರೆ, ಸಿಮೆಂಟ್ ಚೀಲದ ಮೂರನೇ ಒಂದು ಪಾಲು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಮುಖಕ್ಕೆ ಅಷ್ಟು ಸಾಕು.

ಎರಡನೇ ಸೆಟ್ಟನ್ನು ಕೈಯಲ್ಲಿ ಹಿಡಿದು ನೋಡಿಯೇ ತಂದೆ, ಎರಡೂವರೆ ಸಾವಿರದ ಆಸುಪಾಸು. ಅಂಗಡಿ ಯಾವುದೆಂದು ಹೇಳುವುದಿಲ್ಲ, ಅವರಲ್ಲಿ ಬರುವುದೇ ಬೆರಳೆಣಿಕೆಯಷ್ಟು. ನೋಡಬೇಕಾದದ್ದು ಹೇಳುತ್ತೇನೆ. ಬೋಲ್ಟಿಗೆ ವೈಸ್ ಸ್ಕ್ರೂನಂಥ ಅಗಲ ಹಲ್ಲಿನ ಥ್ರೆಡ್ ಇರಬೇಕು. ಕೊಕ್ಕೆ ಫೋರ್ಜ್ ಆಗಿದ್ದಾಗಿರಬೇಕು, ಅಂದರೆ ಕಾಯಿಸಿ ಬಡಿದು ಮಾಡಿದ್ದು. ಎರಕದ್ದಾದರೆ ಮರಳಿನ ಒರಟು, ಗಾಳಿಗುಳ್ಳೆ ಕಾಣಿಸುತ್ತದೆ. ಎಲ್ಲಕ್ಕಿಂತ ಮುಖ್ಯ, ಪ್ರತಿ ಕೊಕ್ಕೆಯಲ್ಲೂ ಸುರುಳಿಯನ್ನು ಹಿಂದಿನಿಂದ ಹಿಡಿಯುವ ಲಾಕ್ ಪಿನ್. ಪಿನ್ ಇಲ್ಲದ ಸೆಟ್ಟನ್ನು ಪುಕ್ಕಟೆ ಕೊಟ್ಟರೂ ನಾನು ಮುಟ್ಟುವುದಿಲ್ಲ. ಲೇತ್ ಅಂಗಡಿಯಲ್ಲಿ ಮಾಡಿಸುತ್ತೇನೆ ಅನ್ನುವವರೂ ಇದ್ದಾರೆ. ಸಾದಾ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ರಾಡಿನಲ್ಲಿ ಥ್ರೆಡ್ ಹಾಕಿಸಿದರೆ ನೋಡಲು ಚೆಂದ, ಅಷ್ಟೇ.

ನಾನು ಮಾಡಿದ ಕ್ರಮ ಹೀಗಿತ್ತು. ಕಡ್ಡಿಗಳು ಸರಿಯಾಗಿ ಎದುರುಬದುರು, ಆದಷ್ಟು ಹೆಚ್ಚು ಸುರುಳಿ ಹಿಡಿಯುವ ಹಾಗೆ. ಸುರುಳಿ ಏರುತ್ತ ಹೋಗುವುದರಿಂದ ಎರಡೂ ಒಂದೇ ಎತ್ತರಕ್ಕೆ ಬರುವುದಿಲ್ಲ, ಅರ್ಧ ಸುತ್ತಿನ ವ್ಯತ್ಯಾಸ ಇದ್ದೇ ಇರುತ್ತದೆ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕೊಕ್ಕೆ ಕೂರುವ ಜಾಗದ ಎಣ್ಣೆ, ಮಣ್ಣು ಡೀಸೆಲ್‌ನಲ್ಲಿ ಒರೆಸಿ, ಒಣಗಿಸಿ, ಹಳೆ ಸೈಕಲ್ ಟ್ಯೂಬಿನ ತುಂಡು ಇಟ್ಟೆ. ಸ್ಪ್ರಿಂಗಿನ ಬಣ್ಣ ಕಿತ್ತುಹೋದರೆ ನಮ್ಮ ಮಳೆಯಲ್ಲಿ ಅಲ್ಲಿಂದಲೇ ತುಕ್ಕು ಹಿಡಿದು ಒಂದು ದಿನ ಮುರಿಯುತ್ತದೆ. ಗ್ರೀಸ್ ಥ್ರೆಡ್ಡಿಗೆ ಮಾತ್ರ, ಕೊಕ್ಕೆಗೆ ಸೋಕಬಾರದು. ಎರಡು ಸುತ್ತು ಈ ಕಡೆ, ಎರಡು ಸುತ್ತು ಆ ಕಡೆ; ಭಾರ ಬಂದ ಮೇಲೆ ಒಂದೊಂದೇ ಸುತ್ತು. ಸ್ಪ್ಯಾನರ್ ಕೈಯಲ್ಲೇ ಆಡಬೇಕು, ಇಂಪ್ಯಾಕ್ಟ್ ಗನ್ ಹತ್ತಿರ ತರಬಾರದು. ಗನ್ ಹಾಕಿದರೆ ಥ್ರೆಡ್ ಬಿಸಿಯಾಗಿ ತಿನ್ನುತ್ತದೆ, ಕೊಕ್ಕೆ ಸರಿಯುವುದು ಕೈಗೂ ಗೊತ್ತಾಗುವುದಿಲ್ಲ. ಗ್ಯಾರೇಜುಗಳಲ್ಲಿ ಈ ಟೂಲಿಗೆ ಕೆಟ್ಟ ಹೆಸರು ಬರಲು ಅರ್ಧ ಕಾರಣ ಗನ್ನೇ ಎಂದು ನನ್ನ ಖಚಿತ ಅಭಿಪ್ರಾಯ.

ಸ್ಪ್ರಿಂಗ್ ಸೀಟಿನಿಂದ ಬಿಟ್ಟು ಕೈಯಲ್ಲಿ ತಿರುಗುವಷ್ಟಾದರೆ ನಿಲ್ಲಿಸಬೇಕು. ಸುರುಳಿಗೆ ಸುರುಳಿ ತಾಗುವವರೆಗೆ ಬಿಗಿಯುವುದು ಅನಗತ್ಯ ಅಪಾಯ. ಸರಪಳಿ ಎರಡನೇ ಸೆಟ್ಟಿನಲ್ಲೂ ಬಿಡಲಿಲ್ಲ: ಮೇಲಿನ, ಕೆಳಗಿನ ಸುರುಳಿ ಸೇರಿಸಿ ಎರಡು ಕಡೆ ಸುತ್ತಿ, ಡಿ ಶ್ಯಾಕಲ್ ಹಾಕಿ, ಒತ್ತಿದಂತೆಲ್ಲ ಸಡಿಲ ತೆಗೆಯುತ್ತ ಹೋಗುವುದು. ಸ್ಟ್ರಟ್‌ನ ತಲೆ ಕೊಟ್ಟಿಗೆಯ ಚಿರೇಕಲ್ಲು ಗೋಡೆಯ ಕಡೆಗೆ, ನಾನು ಮಗ್ಗುಲಿಗೆ. ಅಲೆನ್ ಕೀಯಲ್ಲಿ ಸ್ಟ್ರಟ್‌ನ ನಡುವಿನ ರಾಡ್ ಹಿಡಿದು ರಿಂಗ್ ಸ್ಪ್ಯಾನರಿನಲ್ಲಿ ಮೇಲಿನ ನಟ್ ಬಿಚ್ಚುವಾಗಲೂ ತಲೆ ಅದರ ನೇರಕ್ಕೆ ಹೋಗಬಾರದು. ಒತ್ತಿದ ಸ್ಪ್ರಿಂಗನ್ನು ಹಾಗೇ ಇಟ್ಟು ಊಟಕ್ಕೆ ಎದ್ದು ಹೋಗುವುದಿಲ್ಲ. ಹೊಸ ಸ್ಟ್ರಟ್, ಮೌಂಟ್, ಬೇರಿಂಗ್ ಎಲ್ಲ ಮೊದಲೇ ಜೋಡಿಸಿ ಪಕ್ಕದಲ್ಲಿಟ್ಟಿರುತ್ತೇನೆ. ವಾಪಸು ಸಡಿಲಿಸುವಾಗಲೂ ಅದೇ ಎರಡೆರಡು ಸುತ್ತು, ಸ್ಪ್ರಿಂಗಿನ ತುದಿ ಸೀಟಿನ ಮೆಟ್ಟಿಲಿಗೆ ತಾಗಿದೆಯೇ ನೋಡುತ್ತ.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಬೋಲ್ಟಿನ ತಲೆಯ ಕೆಳಗೆ ವಾಷರ್ ಬದಲು 51102 ಥ್ರಸ್ಟ್ ಬೇರಿಂಗ್ (ಒತ್ತುವ ಭಾರ ಹೊತ್ತು ತಿರುಗುವ ಗುಂಡಿನ ಬೇರಿಂಗ್) ಹಾಕಿ ನೋಡಿದೆ. ಸ್ಪ್ಯಾನರ್ ಬೆಣ್ಣೆಯಷ್ಟು ಹಗುರವಾಯಿತು. ಆದರೆ ಭಾರ ಇದ್ದಾಗ ಕೊಕ್ಕೆಗೆ ಮರದ ಸುತ್ತಿಗೆಯಲ್ಲಿ ತಟ್ಟಿದರೆ ಬೋಲ್ಟು ತಾನಾಗಿ ಕೂದಲೆಳೆಯಷ್ಟು ಹಿಂದೆ ಸರಿಯಿತು. ಅಗಲ ಹಲ್ಲಿನ ಥ್ರೆಡ್ಡಿಗೆ ಮೊಲಿ ಗ್ರೀಸ್ (ಮಾಲಿಬ್ಡಿನಮ್ ಬೆರೆತ, ಬಹಳ ಜಾರುವ ಗ್ರೀಸ್) ಕೂಡ ಇತ್ತು; ಬಿಗಿ ಹಿಡಿದು ನಿಲ್ಲಿಸುತ್ತಿದ್ದದ್ದು ವಾಷರಿನ ತಿಕ್ಕಾಟವೇ. ಬೇರಿಂಗ್ ತೆಗೆದು ವಾಷರ್ ವಾಪಸ್ ಹಾಕಿದೆ. ಇನ್ನೊಂದು, ಗಾಡಿ ನೆಲದ ಮೇಲಿದ್ದಾಗಲೇ ಸ್ಪ್ರಿಂಗನ್ನು ಲಾರಿ ಬೆಲ್ಟಿನಲ್ಲಿ ಕಟ್ಟಿ ಆಮೇಲೆ ಜಾಕ್ ಏರಿಸುವ ವಿಧಾನ. ಬೆಲ್ಟು ಹಿಗ್ಗುತ್ತದೆ, ಸುರುಳಿಯ ಮೇಲೆ ಅಂಚು ತೇಯುತ್ತದೆ. ಜಾಕ್ ಇಳಿಸಿ ಕಟ್ಟು ಬಿಚ್ಚಿ ಅಲ್ಲಿಗೇ ಬಿಟ್ಟೆ. ಹಿಂದಿನ ಸ್ಪ್ರಿಂಗಿಗೆ ಸ್ವಿಫ್ಟ್‌ನಲ್ಲಿ ಕಂಪ್ರೆಸರೇ ಬೇಡ. ಶಾಕ್ ಅಬ್ಸಾರ್ಬರ್ ಕೆಳಗಿನ ಬೋಲ್ಟ್ ತೆಗೆದು ಆಕ್ಸಲನ್ನು ಜಾಕ್ ಮೇಲೆ ಮೆಲ್ಲಗೆ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ, ಬ್ರೇಕ್ ಹೋಸ್ ಜಗ್ಗದಂತೆ ನೋಡಿಕೊಂಡರಾಯಿತು.

ಆಲ್ಟೊದಲ್ಲಿ ಮಾತ್ರ ಕೆಲಸ ನಿಲ್ಲಿಸಬೇಕಾಯಿತು. ಕೆಳಗಿನ ಸುರುಳಿಯಲ್ಲಿ ತುಕ್ಕು ಹೊಂಡ ಹೊಂಡವಾಗಿ ತಿಂದಿತ್ತು, ಉಗುರು ಸಿಕ್ಕಿಕೊಳ್ಳುವಷ್ಟು. ಅಂಥ ಸ್ಪ್ರಿಂಗನ್ನು ಪಿನ್ ಇರುವ ಕಂಪ್ರೆಸರಿನಲ್ಲೂ ನಾನು ಒತ್ತುವುದಿಲ್ಲ, ಏಕೆಂದರೆ ಮುರಿಯುವುದು ಟೂಲ್ ಅಲ್ಲ, ಸ್ಪ್ರಿಂಗು. ಹೈಡ್ರಾಲಿಕ್ ಕಂಪ್ರೆಸರ್ ಇರುವ ಕಡೆ ಆ ಎರಡನ್ನು ಬಿಚ್ಚಿಸಿ, ಹೊಸ ಸ್ಪ್ರಿಂಗ್ ಜೋಡಿ ತಂದು ನಾನೇ ಕಟ್ಟಿದೆ. ಬಿಚ್ಚಲು ಅವರು ತೆಗೆದುಕೊಂಡದ್ದು ಆರುನೂರೋ ಏಳುನೂರೋ. ಕೊಟ್ಟದ್ದಕ್ಕೆ ಬೇಸರವಿಲ್ಲ.

ತುಕ್ಕು ಹಿಡಿದ ನಕಲ್ ಬೋಲ್ಟನ್ನು (ಸ್ಟ್ರಟ್‌ನ ಕೆಳತುದಿಯನ್ನು ಚಕ್ರದ ಕಡೆಯ ಲೋಹದ ತುಂಡಿಗೆ ಸೇರಿಸುವುದು) ಬೆಂಕಿ ಇಲ್ಲದೆ ಎಬ್ಬಿಸುವ ನನ್ನ ಕೈಚಳಕ ಒಂದಿದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ. ಬಿಚ್ಚುವ ಮುಂಚೆ ಆ ಬೋಲ್ಟು ಕೂತ ಜಾಗಕ್ಕೆ ಗುರುತು ಹಾಕಿದರೆ ಕ್ಯಾಂಬರ್ (ಚಕ್ರ ಒಳಗೆ ಹೊರಗೆ ವಾಲುವ ಕೋನ) ಹೆಚ್ಚು ಕೆಡುವುದಿಲ್ಲ, ಆದರೂ ಅಲೈನ್‌ಮೆಂಟ್ ಮಾಡಿಸಲೇಬೇಕು, ನನಗೆ ಐನೂರು ರೂಪಾಯಿ ಆಯಿತು. ಹಾಳಾದ ಮೊದಲ ಸೆಟ್ಟಿನ ದುಡ್ಡನ್ನೂ ಹಿಡಿದರೆ ಸ್ವಿಫ್ಟ್‌ಗೆ ಹತ್ತೂವರೆ ಸಾವಿರದ ಹತ್ತಿರ ಆಗಿದೆ. ಕಾಟಾದ ಚೌಕಟ್ಟಿಗೆ ಹೋದದ್ದು ಇದರಲ್ಲಿ ಸೇರಿಲ್ಲ. ತಮ್ಮನ ವ್ಯಾಗನಾರ್‌ಗೆ ಸಾಮಾನಿನ ಖರ್ಚು ಮಾತ್ರ ಬಿತ್ತು.