ಡಿಜೆ ಕಿವಿಯಿಂದ ಹಿಪ್‌ಹಾಪ್ ಆಲ್ಬಮ್ ಕೇಳೋದು ಹೇಗೆ

ಹಿಪ್‌ಹಾಪ್ ಕೇಳಿ ಅಂದ್ರೆ ನಮ್ಮೋರು ಮೊದಲು ಲಿರಿಕ್ಸ್ ಓಪನ್ ಮಾಡ್ಕೊಂಡು ಕೂತ್ಕೋತಾರೆ, ಅರ್ಧಕ್ಕರ್ಧ ಸ್ಲ್ಯಾಂಗ್ ತಲೆಗೆ ಹೋಗಲ್ಲ, ಎರಡನೇ ಹಾಡಿಗೇ ಬೋರ್ ಹೊಡೆದು ಕ್ಲೋಸ್ ಮಾಡ್ತಾರೆ. ಸ್ವಲ್ಪ ದಿನ ಮಾತನ್ನ ಪಕ್ಕಕ್ಕಿಟ್ಟು ಹಿಂದೆ ಡಿಜೆ ಕೈ ಏನ್ ಮಾಡ್ತಿದೆ ಅಂತ ಕೇಳಿ ನೋಡಿ. ಈ ಮ್ಯೂಸಿಕ್ ಶುರುವಾಗಿದ್ದೇ ಡಿಜೆಯಿಂದ, ಮೈಕ್ ಹಿಡಿದೋನಿಗೆ ಹೆಸರು ಬಂದಿದ್ದು ಆಮೇಲೆ.

ಫೋನ್ ಸ್ಪೀಕರಲ್ಲಿ ಬೇಡ, ಬೇಸ್ ಪೂರ್ತಿ ಮಾಯ ಆಗುತ್ತೆ. ಸುಮಾರಾಗಿರೋ ಹೆಡ್‌ಫೋನ್ ಸಾಕು. ಶಫಲ್ ಆಫ್ ಮಾಡಿ, ಆಪಲ್ಲಿ ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನ ಮುಂದಿನ ಹಾಡಿನ ಶುರುವಿಗೆ ಬೆರೆಸೋ ಸೆಟ್ಟಿಂಗ್) ಇದ್ರೆ ಅದನ್ನೂ ಆಫ್ ಮಾಡಿ.

ಇನ್ನು ಸೀದಾ ಆಲ್ಬಮ್‌ಗೆ ಹೋಗ್ಬೇಡಿ, ಮೊದಲು 'ಬ್ರೇಕ್' ಅಂದ್ರೇನು ಅಂತ ಕಿವಿಗೆ ಗೊತ್ತಾಗ್ಲಿ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಪಾರ್ಟಿ ಶುರು ಮಾಡಿದ ಡಿಜೆ ಕೂಲ್ ಹರ್ಕ್ ಒಂದು ವಿಷ್ಯ ಗಮನಿಸಿದ, ಹಾಡಲ್ಲಿ ಮಿಕ್ಕಿದ್ದೆಲ್ಲ ನಿಂತು ಬರೀ ಡ್ರಮ್ಸ್ ಉಳಿಯೋ ಜಾಗಕ್ಕೇ ಡ್ಯಾನ್ಸರ್‌ಗಳು ಕಾಯ್ತಾ ಇರ್ತಾರೆ ಅಂತ, ಆದ್ರೆ ಅದು ಕೆಲವೇ ಸೆಕೆಂಡು, ಅದಕ್ಕೆ ಒಂದೇ ರೆಕಾರ್ಡಿನ ಎರಡು ಕಾಪಿ ಎರಡು ಟರ್ನ್‌ಟೇಬಲ್ (ರೆಕಾರ್ಡ್ ತಿರುಗಿಸೋ ಪ್ಲೇಯರ್) ಮೇಲಿಟ್ಟು, ಒಂದ್ರಲ್ಲಿ ಆ ಜಾಗ ಮುಗೀತಿದ್ದಂಗೆ ಇನ್ನೊಂದ್ರಲ್ಲಿ ಶುರು ಮಾಡ್ತಾ ಅದನ್ನೇ ಎಳೀತಾ ಹೋದ. ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡ್‌ನ 'ಅಪಾಚೆ' ಹಾಕಿ, ಬಾಂಗೋ ಮತ್ತೆ ಡ್ರಮ್ಸ್ ಮಾತ್ರ ಉಳಿಯೋ ಕಡೆ ತೊಡೆ ಮೇಲೆ ತಟ್ಕೊಂಡು ಒಂದು-ಎರಡು-ಮೂರು-ನಾಲ್ಕು ಎಣಿಸಿ. ಬ್ರೇಕ್ ಅಂದ್ರೆ ಅದೇ.

ಅದಾದ್ಮೇಲೆ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ 1981ರಲ್ಲಿ ಟರ್ನ್‌ಟೇಬಲ್ ಮೇಲೇ ಮಿಕ್ಸ್ ಮಾಡಿದ 'ವೀಲ್ಸ್ ಆಫ್ ಸ್ಟೀಲ್' ಸಿಂಗಲ್. ಏಳು ನಿಮಿಷದ ಆಸುಪಾಸು, ಶಿಕ್, ಕ್ವೀನ್, ಬ್ಲಾಂಡಿ ಬ್ಯಾಂಡ್‌ಗಳ ಹಾಡು, ನೀವು ಈಗಷ್ಟೇ ಕೇಳಿದ ಅಪಾಚೆ ಎಲ್ಲಾ ಇದೆ. ಹಾಡು ಗುರುತಿಸೋದು ಆಮೇಲೆ, ಒಂದರಿಂದ ಇನ್ನೊಂದಕ್ಕೆ ಹಾರೋ ಜಾಯಿಂಟ್ ಎಲ್ಲಿದೆ ಹುಡುಕಿ.

ಈಗ ಆಲ್ಬಮ್. ಪಬ್ಲಿಕ್ ಎನಿಮಿ ಅನ್ನೋ ರ್ಯಾಪ್ ಗ್ರೂಪ್‌ನ 1988ರ 'ಇಟ್ ಟೇಕ್ಸ್ ಎ ನೇಷನ್ ಆಫ್ ಮಿಲಿಯನ್ಸ್' ಮೊದಲ ಸಲ ಬರೀ ಗಲಾಟೆ ಅನ್ಸುತ್ತೆ, ಅನ್ಸಲಿ. 'ರೆಬೆಲ್ ವಿದೌಟ್ ಎ ಪಾಝ್' ಒಂದನ್ನೇ ರಿಪೀಟ್ ಹಾಕಿ. ಕೆಟಲ್ ಕೂಗಿದಂಗೆ ಬಿಡದೆ ಕೇಳ್ಸುತ್ತಲ್ಲ, ಅದು ಸೈರನ್ ಅಲ್ಲ, ಜೇಮ್ಸ್ ಬ್ರೌನ್ ಬ್ಯಾಂಡ್ ಜೆಬೀಸ್‌ನ 'ದ ಗ್ರಂಟ್' ಅನ್ನೋ ರೆಕಾರ್ಡ್‌ನಲ್ಲಿ ಸ್ಯಾಕ್ಸೊಫೋನ್ ಒಂದು ಕ್ಷಣ ಕಿರುಚೋ ತುಂಡು. ಒರಿಜಿನಲಲ್ಲಿ ಹಾಗೇ ಬಂದು ಹೋಗುತ್ತೆ, ಇಲ್ಲಿ ಅದನ್ನೇ ಲೂಪ್ ಮಾಡಿ ಇಡೀ ಹಾಡಿನ ಟೆನ್ಷನ್ ಕಟ್ಟಿದಾರೆ. ಎರಡನ್ನೂ ಹಿಂದೆ ಮುಂದೆ ಹಾಕಿ ಕೇಳಿ. ಎಲ್ಲಾ ಆಲ್ಬಮ್‌ಗೂ ಇದೇ ಮೆಥಡ್, ಒಂದು ಹಾಡು, ಅದರ ಮೂಲ, ಮತ್ತೆ ಅದೇ ಹಾಡು. ಯಾವುದು ಎಲ್ಲಿಂದ ಬಂತು ಅಂತ ಹುಡುಕೋಕೆ ಹೂಸ್ಯಾಂಪಲ್ಡ್ ಅನ್ನೋ ವೆಬ್‌ಸೈಟ್ ಇದೆ, ಆದ್ರೆ ಮೊದಲು ನೀವೇ ಗೆಸ್ ಮಾಡಿ, ಇಲ್ಲಾಂದ್ರೆ ಮಜಾ ಇಲ್ಲ.

ಅಷ್ಟೊಂದು ಸ್ಯಾಂಪಲ್ (ಬೇರೆ ರೆಕಾರ್ಡಿಂದ ಎತ್ತಿದ ತುಂಡು) ತುಂಬಿದ ಆಲ್ಬಮ್ ಆಮೇಲೆ ಕಮ್ಮಿ ಆಗೋಕೆ ಒಂದು ಕಾರಣ ಕೋರ್ಟು. 1991ರಲ್ಲಿ ರ್ಯಾಪರ್ ಬಿಜ್ ಮಾರ್ಕಿ ಮೇಲಿನ ಸ್ಯಾಂಪಲ್ ಕೇಸಿನ ತೀರ್ಪು ಬಂದ್ಮೇಲೆ ಪರ್ಮಿಷನ್ ಇಲ್ದೆ ತುಂಡು ಬಳಸೋಕೆ ಲೇಬಲ್‌ಗಳು ಹೆದರಿದ್ವು. ಡೆ ಲಾ ಸೋಲ್ ಗ್ರೂಪ್‌ನ 1989ರ ಮೊದಲ ಆಲ್ಬಮ್ ಸ್ಟ್ರೀಮಿಂಗಿಗೆ ಬಂದಿದ್ದು 2023ರಲ್ಲಿ ಅಂದ್ರೆ ಲೆಕ್ಕ ಹಾಕಿ.

ಸ್ಕ್ರ್ಯಾಚ್ (ತಿರುಗೋ ರೆಕಾರ್ಡನ್ನ ಕೈಯಲ್ಲಿ ಹಿಂದೆ ಮುಂದೆ ಆಡಿಸಿ ಸದ್ದು ಎಬ್ಬಿಸೋದು) ಯಾಕೆ ಬೇಕು ಅಂತ ಡೌಟ್ ಇದ್ರೆ ರ್ಯಾಪರ್ ನಾಸ್‌ನ 'ಇಲ್‌ಮ್ಯಾಟಿಕ್' (1994) ಕೇಳಿ. 'ಎನ್‌ವೈ ಸ್ಟೇಟ್ ಆಫ್ ಮೈಂಡ್' ಹಾಡಿನ ಕೋರಸ್ಸನ್ನ ನಾಸ್ ಹೇಳೋದೇ ಇಲ್ಲ, ಡಿಜೆ ಪ್ರೀಮಿಯರ್ ಹಳೇ ರೆಕಾರ್ಡಿಂದ ರಕೀಮ್ ಅನ್ನೋ ರ್ಯಾಪರ್ ದನಿಯ ಆ ಸಾಲನ್ನ ಎತ್ತಿ ಸ್ಕ್ರ್ಯಾಚ್ ಮಾಡಿ ಕೂರಿಸಿದಾನೆ. ಅಂದ್ರೆ ಕೋರಸ್ ಹಾಡಿರೋದು ಡಿಜೆ ಕೈ. ಎಲ್ಲಕ್ಕಿಂತ ಜಾಸ್ತಿ ನಾನು ತಿರುಗಿ ತಿರುಗಿ ಕೇಳೋದು ಇದನ್ನೇ.

ರ್ಯಾಪರೇ ಬೇಡ ಅನ್ನೋ ಮಟ್ಟಕ್ಕೆ ಬಂದ್ರೆ ಡಿಜೆ ಶ್ಯಾಡೋನ 'ಎಂಡ್‌ಟ್ರೊಡ್ಯೂಸಿಂಗ್' (1996), ಹೆಚ್ಚೂಕಮ್ಮಿ ಪೂರ್ತಿ ಹಳೇ ರೆಕಾರ್ಡ್ ತುಂಡುಗಳಿಂದಾನೇ ಅಕಾಯ್ ಎಂಪಿಸಿ ಅನ್ನೋ ಸ್ಯಾಂಪ್ಲರ್ (ತುಂಡು ಹಿಡಿದಿಟ್ಟು ನುಡಿಸೋ ಮೆಷಿನ್) ಮೇಲೆ ಕಟ್ಟಿದ್ದು, ಕವರ್ ಮೇಲಿರೋದೂ ಸ್ಯಾಕ್ರಮೆಂಟೊದ ಒಂದು ರೆಕಾರ್ಡ್ ಅಂಗಡಿ. ಇದು ರಾತ್ರಿ ಕೇಳೋ ಐಟಮ್, ಟ್ರಾಫಿಕ್ಕಲ್ಲಿ ಹಾಕ್ಬೇಡಿ.

ಬೀಟ್ ಕಟ್ಟೋ ಪ್ರೊಡ್ಯೂಸರ್ ಜೆ ಡಿಲ್ಲಾನ 'ಡೋನಟ್ಸ್' ಕೊನೆಗೆ ಇಟ್ಕೊಳ್ಳಿ. ಅವನ 32ನೇ ಹುಟ್ಟಿದಬ್ಬದ ದಿನ, 2006ರ ಫೆಬ್ರವರಿ 7ಕ್ಕೆ ರಿಲೀಸ್ ಆಯ್ತು, ಮೂರು ದಿನಕ್ಕೆ ಅವನು ತೀರ್ಕೊಂಡ. 31 ಟ್ರ್ಯಾಕು, ಎಲ್ಲಾ ಪುಟ್ಟ ಪುಟ್ಟದು. 'ಡೋಂಟ್ ಕ್ರೈ' ಕೇಳಿ, ಮೊದಲು ಎಸ್ಕಾರ್ಟ್ಸ್‌ನ ಹಳೇ ಸೋಲ್ ಹಾಡನ್ನ ಹೆಚ್ಚುಕಮ್ಮಿ ಹಾಗೇ ಬಿಡ್ತಾನೆ, ಆಮೇಲೆ ಅದನ್ನೇ ಚೂರು ಚೂರು ಮಾಡಿ ಬೇರೆ ರಾಗ ಎಬ್ಬಿಸ್ತಾನೆ. ಮೂಲಾನೂ ಕೆಲಸಾನೂ ಒಂದೇ ಟ್ರ್ಯಾಕಲ್ಲಿ ಸಿಗುತ್ತೆ, ಸೈಟ್ ಹುಡುಕೋ ಕೆಲಸಾನೂ ಇಲ್ಲ.

ಇನ್ನೊಬ್ಬ ಪ್ರೊಡ್ಯೂಸರ್ ಮ್ಯಾಡ್‌ಲಿಬ್‌ನ 'ಬೀಟ್ ಕಂಡಕ್ಟಾ ಇನ್ ಇಂಡಿಯಾ' (2007) ಇದ್ಯಲ್ಲ, ನಮ್ ದೇಶದ ಹಳೇ ಸಿನಿಮಾ ಹಾಡು ಇದೆ ಅಂತ ಅದರಿಂದಾನೇ ಶುರು ಮಾಡೋಣ ಅನ್ಸುತ್ತೆ, ಬೇಡ. 'ಏ ಇದು ಆ ಹಾಡು ಅಲ್ವಾ' ಅನ್ನೋ ಆಟದಲ್ಲೇ ಟೈಮ್ ಹೋಗಿ ಅವನು ಎಲ್ಲಿ ಕತ್ತರಿಸಿದ ಅನ್ನೋದು ಕೇಳ್ಸೋದೇ ಇಲ್ಲ. ಮೇಲಿನವೆಲ್ಲ ಒಂದು ರೌಂಡ್ ಆದ್ಮೇಲೆ ಹಾಕಿ.