ಕ್ತಿತೋರ್ ಹೇಳುವ ಮೊದಲು ಸಕ್ಲೇಶ್ಪುರ ಹೇಳಿ

ಅಕ್ಕನ ಮಗಳು ಮೆಡಿಕಲ್ ಓದಲು ರೊಮೇನಿಯಾದ ಕ್ಲೂಜ್‌ಗೆ ಹೋಗಿ ಎರಡು ತಿಂಗಳಾಗಿತ್ತು. ಒಂದು ರಾತ್ರಿ ಫೋನ್ ಮಾಡಿ, 'ಚಿಕ್ಕಮ್ಮಾ, ನಾನು ಹದಿನೆಂಟು ಅಂದ್ರೆ ಇಲ್ಲಿ ಯಾರಿಗೂ ತಿಳಿಯಲ್ಲ' ಎಂದಳು. ಅಲ್ಲಿ ಹದಿನೆಂಟಕ್ಕೆ ಒಪ್ತ್‌ಸ್ಪ್ರೆಜ಼ೆಚೆ ಎನ್ನಬೇಕು. ಒಪ್ತ್ ಎಂದರೆ ಎಂಟು, ಜ಼ೆಚೆ ಎಂದರೆ ಹತ್ತು, ನಡುವೆ 'ಸ್ಪ್ರೆ' ಎಂಬ ಕೊಂಡಿ. ಪ, ತ, ಸ, ಪ, ರ ಐದೂ ಸಾಲಾಗಿ ನಿಂತಿವೆ, ನಡುವೆ ಒಂದು ಸ್ವರವೂ ಇಲ್ಲ. ಇವಳು ಹೇಳುತ್ತಿದ್ದುದು 'ಒಪಿತಿಸಿಪಿರೆಜ಼ೆಚೆ'.

ನಾನು ಹಾಸನದಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿದವಳು. ಪಿರೀತಿ, ಬುರುಸು, ಇಸ್ಕೂಲು, ಗಲಾಸು ಎಲ್ಲವನ್ನೂ ತಿದ್ದಿದ್ದೇನೆ. ಹಾಗಾಗಿ ಕಾಯಿಲೆ ಗುರುತು ಸಿಕ್ಕಿತು. ಮದ್ದು ಹುಡುಕಲು ಮಾತ್ರ ಒಂದು ಮಳೆಗಾಲ ಬೇಕಾಯಿತು. ನಿಮ್ಮ ಮನೆಯಿಂದಲೂ ಯಾರಾದರೂ ಆ ಕಡೆ ಹೊರಟಿದ್ದರೆ ಇದನ್ನು ಮಾಡಿ ನೋಡಿ.

ಮೊದಲು ನಾಲಿಗೆಯ ಭಯ ಬಿಡಿಸಬೇಕು. ಹಾಸನದ ಬಸ್ ಸ್ಟ್ಯಾಂಡಿಗೆ ಹೋಗಿ ಹತ್ತು ನಿಮಿಷ ಸುಮ್ನೆ ನಿಲ್ಲಿ. ಕಂಡಕ್ಟರ್ 'ಸಕಲೇಶಪುರ' ಎಂದು ಯಾವತ್ತಾದರೂ ಕೂಗಿದ್ದಾರಾ? 'ಸಕ್ಲೇಶ್ಪುರ ಸಕ್ಲೇಶ್ಪುರ!' ಚನ್ನರಾಯಪಟ್ಟಣ 'ಚನ್ರಾಯ್ಪಟ್ಣ' ಆಗುತ್ತದೆ, ಚಿಕ್ಕಮಗಳೂರು 'ಚಿಕ್ಮಗ್ಳೂರು'. ನಮ್ಮ ಊರೇ 'ಹಾಸ್ನ'. ಬರೆಯುವಾಗ ಇರುವ ಸ್ವರವನ್ನು ಮಾತಾಡುವಾಗ ನಾವೇ ನುಂಗಿ ವ್ಯಂಜನಗಳನ್ನು ಒತ್ತಾಗಿ ಕೂರಿಸುತ್ತೇವೆ. ರೊಮೇನಿಯಾದವರು ಹನ್ನೊಂದಕ್ಕೆ ಆಡುಮಾತಿನಲ್ಲಿ 'ಉನ್ಶ್ಪೆ' ಎನ್ನುತ್ತಾರೆ. ಅದರೊಳಗಿನ ಶ್ಪ ನಮ್ಮ ಸಕ್ಲೇಶ್ಪುರದ ಶ್ಪ. ಹೊಸದಾಗಿ ಕಲಿಯುವುದು ಏನೂ ಇಲ್ಲ.

ನಮ್ಮ ತೊಂದರೆ ಜಾಸ್ತಿ ಇರುವುದು ಪದದ ಶುರುವಿನಲ್ಲಿ. ಚರ್ಚ್ ಅಥವಾ ಮಠ ಕಟ್ಟಿಸಿದ ದಾನಿಗೆ ರೊಮೇನಿಯನ್‌ನಲ್ಲಿ 'ಕ್ತಿತೋರ್' ಎನ್ನುತ್ತಾರೆ. ಇದನ್ನು ಹೇಳಲು 'ಶಕ್ತಿ' ಸಾಕು. ಶಕ್ತಿ, ಶಕ್ತಿ, ಶಕ್ತಿ ಎನ್ನುತ್ತಾ ಹೋಗಿ. ಆಮೇಲೆ 'ಶ'ವನ್ನು ಪಿಸುಗುಟ್ಟಿ. ಆಮೇಲೆ ಅದನ್ನು ಮನಸ್ಸಿನಲ್ಲೇ ಹೇಳಿಕೊಂಡು ಉಳಿದದ್ದನ್ನು ಮಾತ್ರ ಹೊರಗೆ ಬಿಡಿ. 'ಕ್ತಿ' ಸಿಕ್ಕಿತು, ಅದಕ್ಕೆ 'ತೋರ್' ಸೇರಿಸಿ. ಅಪ್ಸರೆಯಿಂದ ಅ ತೆಗೆದರೆ 'ಪ್ಸಿಹೊಲೋಗ್' ಶುರುವಾಗುತ್ತದೆ, ಅಂದರೆ ಮನಃಶಾಸ್ತ್ರಜ್ಞ. ಆಮ್ಲದಿಂದ ಆ ತೆಗೆದರೆ 'ಮ್ಲಾಶ್ತಿನ', ಅಂದರೆ ಜೌಗು. ಗುಬ್ಬಿಗೆ 'ವ್ರಾಬಿಯೆ'. ವ್ರತ ಅನ್ನಲು ಬರುವವರಿಗೆ ಇದು ಬಂದೇ ಬರುತ್ತದೆ. ಒಂದು ಸಮಾಧಾನ, ಅವರ ತ ನಮ್ಮ ತ ಥರವೇ ಹಲ್ಲಿಗೆ ತಾಗುತ್ತದೆ. ಇಂಗ್ಲಿಷ್ ಕಲಿತವರು ಟ ಮಾಡಿಕೊಂಡು ಕೆಡಿಸುತ್ತಾರೆ.

ಶಕ್ತಿಯ ಉಪಾಯದಲ್ಲಿ ಒಂದು ಮೋಸ ಇದೆ. ನನ್ನ ಮಗಳಂಥ ಆ ಹುಡುಗಿ ಎರಡು ವಾರ ಅದರಲ್ಲೇ ಸಿಕ್ಕಿಬಿದ್ದಳು. 'ಶಕ್ತಿ' ಎಂದಾಗ ಕ್ ಬಂತು ಎಂದು ಕಿವಿಗೆ ತಿಳಿಯುವುದು ಅದರ ಹಿಂದಿನ ಅಕಾರದ ಬಾಲದಿಂದ. ಗಂಟಲ ಹತ್ತಿರ ಬಾಯಿ ಮುಚ್ಚಿಕೊಳ್ಳುವಾಗ ಅಕಾರದ ದನಿ ತುಸು ಬದಲಾಗುತ್ತದೆ. ಅಕಾರವನ್ನು ತೆಗೆದರೆ ಆ ಸುಳಿವು ಹೋಯಿತು. ಮುಚ್ಚಿದ ಬಾಯಿಗೆ ಸದ್ದಿಲ್ಲ. ಉಳಿಯುವುದು ಕ್ ಬಿಡುವಾಗಿನ ಚಿಟಿಕೆಯಷ್ಟು ಸದ್ದು ಮಾತ್ರ. ಅಷ್ಟರಲ್ಲಿ ನಾಲಿಗೆಯ ತುದಿ ತಕಾರಕ್ಕೆಂದು ಹಲ್ಲನ್ನು ಮುಚ್ಚಿಬಿಟ್ಟರೆ ಆ ಸದ್ದು ಬಾಯೊಳಗೇ ಸಾಯುತ್ತದೆ. ಹೊರಗಿನವರಿಗೆ ಕೇಳುವುದು 'ತಿತೋರ್'. ಆದ್ದರಿಂದ ಕ್ ಬಿಟ್ಟ ಮೇಲೆ ನಾಲಿಗೆ ಹಲ್ಲಿಗೆ ಹೋಗಬೇಕು, ಮೊದಲಲ್ಲ. ಪ್ತ ಹಾಗಲ್ಲ. ತುಟಿ ಎಲ್ಲಕ್ಕಿಂತ ಹೊರಗಿದೆ. ಒಳಗೆ ನಾಲಿಗೆ ಆಗಲೇ ಮುಚ್ಚಿದ್ದರೂ ತುಟಿ ಬಿಚ್ಚಿದ್ದು ಅಷ್ಟೋ ಇಷ್ಟೋ ಕೇಳುತ್ತದೆ. ಹಿಂದಿನಿಂದ ಮುಂದಕ್ಕೆ ಬರುವ ಜೋಡಿಗೆ ಬಿಡುವು ಜಾಸ್ತಿ, ಮುಂದಿನಿಂದ ಹಿಂದಕ್ಕೆ ಹೋಗುವ ಜೋಡಿಗೆ ಕಡಿಮೆ. ಯೋಆನಾ ಕಿತೊರಾನ್, ಲೂಯಿ ಗೋಲ್ಡ್‌ಸ್ಟೀನ್, ಡ್ಯಾನಿ ಬರ್ಡ್ ಮೂವರು 2002ರಲ್ಲಿ ಜಾರ್ಜಿಯನ್ ಭಾಷೆ ಆಡುವವರ ನಾಲಿಗೆ, ತುಟಿ ಅಳೆದು ತೋರಿಸಿದ್ದು ಇದನ್ನೇ.

ಇನ್ನು ಕಿವಿ. ಅದು ನಾಲಿಗೆಗಿಂತ ಹಟಮಾರಿ. ಕ್ಲೂಜ್‌ನ ರೂಮ್‌ಮೇಟ್ ಸ್ಪಷ್ಟವಾಗಿ ಹೇಳಿದ ಕ್ತಿತೋರ್ ಅನ್ನು ನಮ್ಮ ಮನೆಯವರಿಗೆ ಕೇಳಿಸಿ, 'ಎಷ್ಟು ಅಕ್ಷರ?' ಎಂದೆ. 'ಮೂರು. ಕಿ, ತಿ, ತೋರ್' ಎಂದರು. ಇನ್ನೊಮ್ಮೆ ಕೇಳಿಸಿದೆ. ಮತ್ತೆ ಮೂರೇ! ಅವರ ತಪ್ಪಲ್ಲ ಬಿಡಿ. 1999ರಲ್ಲಿ ಎಮಾನ್ಯುಯೆಲ್ ದುಪೂ ಮತ್ತು ಜೊತೆಗಾರರು ಜಪಾನಿನವರಿಗೆ 'ಎಬ್ಜ಼ೊ' ಎಂದು ಕೇಳಿಸಿದರೆ ಅವರಿಗೆ 'ಎಬುಜ಼ೊ' ಎಂದೇ ಕೇಳಿತು. ಫ್ರೆಂಚರಿಗೆ ಹಾಗಾಗಲಿಲ್ಲ. ಇಲ್ಲದ ಸ್ವರವನ್ನು ಕಿವಿಯೇ ಸೇರಿಸಿಕೊಳ್ಳುತ್ತದೆ. ಆದ್ದರಿಂದ ನಿಮ್ಮ ಉಚ್ಚಾರ ಸರಿಯೋ ತಪ್ಪೋ ಎಂದು ಮನೆಯವರನ್ನು ಕೇಳಬೇಡಿ, ನಿಮ್ಮ ಕಿವಿಯನ್ನೂ ನಂಬಬೇಡಿ.

ನಮ್ಮ ಲಿಪಿಯ ಮೇಲೂ ನನಗೆ ಒಂದು ಅನುಮಾನ ಇದೆ. 'ಕ್ತಿ' ಎಂದು ಬರೆದು ನೋಡಿ. ಇಕಾರದ ಗುಡಿಸು ಕೂರುವುದು ಕಕಾರದ ತಲೆಯ ಮೇಲೆ, ತ ಕೆಳಗೆ ಒತ್ತಾಗಿ ಇಳಿಯುತ್ತದೆ. ಕಣ್ಣಿಗೆ ಮೊದಲು ಕಾಣುವುದು 'ಕಿ'. ಎಂಟನೇ ತರಗತಿಯಲ್ಲೂ 'ಶಕಿತ' ಎಂದು ಓದುವ ಮಕ್ಕಳಿದ್ದರು. ತಮಾಷೆ ಎಂದರೆ ಲಿಪಿ ಪೂರ್ತಿ ಸುಳ್ಳೂ ಹೇಳುತ್ತಿಲ್ಲ. ಪದದ ಶುರುವಿನಲ್ಲಿ ಎರಡು ವ್ಯಂಜನ ಇದ್ದರೆ ಸ್ವರ ಕಡೆಯ ವ್ಯಂಜನಕ್ಕೆ ಅಂಟಿಕೊಳ್ಳುವ ಬದಲು ಎರಡರ ನಡುಮಧ್ಯದ ಲೆಕ್ಕಕ್ಕೆ ಹೊಂದಿಕೊಳ್ಳಬಹುದು ಎಂದು ಬ್ರೌಮನ್ ಮತ್ತು ಗೋಲ್ಡ್‌ಸ್ಟೀನ್ 1988ರಲ್ಲೇ ಇಂಗ್ಲಿಷ್ ಅಳೆದು ಹೇಳಿದ್ದರು. ಬಾಯಿ ಇಕಾರಕ್ಕೆ ಸಿದ್ಧವಾಗುವುದು ವ್ಯಂಜನ ಮುಗಿಯುವ ಮೊದಲೇ.

ಕಿವಿಯನ್ನು ನಂಬದಿದ್ದರೆ ಕಣ್ಣನ್ನು ನಂಬಬೇಕು. ಅದಕ್ಕೆ ಸದ್ದನ್ನು ಚಿತ್ರ ಮಾಡಿ ತೋರಿಸುವ ಪ್ರಾಟ್ ಎಂಬ ಸಾಫ್ಟ್‌ವೇರ್ ಇದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಪಾಲ್ ಬೂರ್ಸ್ಮಾ ಮತ್ತು ಡೇವಿಡ್ ವೇನಿಂಕ್ ಮಾಡಿದ್ದು, ದುಡ್ಡು ಕೊಡಬೇಕಿಲ್ಲ. ನನ್ನ ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಪದವನ್ನು ಒಂಟಿಯಾಗಿ ಹೇಳಿಸಬೇಡಿ. 'ಸ್ಪುನೆ ಕ್ತಿತೋರ್ ಇಂಕ ಒ ದಾತ', ಅಂದರೆ 'ಕ್ತಿತೋರ್ ಅಂತ ಇನ್ನೊಂದು ಸಲ ಹೇಳು' ಎಂಬ ವಾಕ್ಯದಲ್ಲಿ ಕೂರಿಸಿ. ಪದಕ್ಕೆ ಮೊದಲು ಸ್ವರ ಇದ್ದರೆ ಕ್ ಎಲ್ಲಿ ಮುಚ್ಚಿಕೊಂಡಿತು ಎಂದು ಕಾಣುತ್ತದೆ. ಒಂಟಿ ಪದದಲ್ಲಿ ಅದು ಮೌನದೊಳಗೆ ಮೌನ. ಪ್ರತಿ ವಾಕ್ಯ ಐದು ಸಲವಾದರೂ ಇರಲಿ.

ನಾನು ಮೊದಲು ವಾಟ್ಸಾಪ್ ವಾಯ್ಸ್ ನೋಟ್ ತರಿಸಿಕೊಂಡು ಒಂದು ವಾರ ದಂಡ ಮಾಡಿದೆ. ಅದು ಸದ್ದನ್ನು ಹಿಂಡಿ ಚಿಕ್ಕದು ಮಾಡುತ್ತದೆ. ನಮಗೆ ಬೇಕಾದ ಕ್‌ನ ಚಿಟಿಕೆ ಸದ್ದೇ ಮಸುಕಾಗಿತ್ತು. ರೆಕಾರ್ಡರ್ ಆಪ್‌ನಲ್ಲಿ ವೇವ್ ಫೈಲ್, 44,100 ಹರ್ಟ್ಜ್ ಎಂದು ಇಟ್ಟುಕೊಂಡು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ನಿಮ್ಮ ದನಿ ರೆಕಾರ್ಡ್ ಮಾಡುವಾಗ ಶೀಟಿನ ಮನೆಯಾದರೆ ಮಳೆ ನಿಲ್ಲುವವರೆಗೆ ಕಾಯಿರಿ. ಜುಲೈಯಲ್ಲಿ ಹಾಸನದಲ್ಲಿ ಕಾಯುವುದು ಅಂದರೆ ಏನು ಎಂದು ನಿಮಗೆ ಗೊತ್ತಲ್ವಾ?

ಫೈಲ್ ತೆರೆದು 'ವ್ಯೂ ಅಂಡ್ ಎಡಿಟ್' ಒತ್ತಿ, ಪದದ ಶುರುವನ್ನು ಹಿಗ್ಗಿಸಿ. ಬಾಯಿ ಮುಚ್ಚಿದ್ದು ಬಿಳಿ ಜಾಗ. ಬಿಟ್ಟಿದ್ದು ಮೇಲಿಂದ ಕೆಳಗೆ ಸಣ್ಣ ಕಪ್ಪು ಗೀರು. ಸ್ವರ ಇದ್ದರೆ ಒಂದೇ ಅಂತರದ ಗೀಟುಗಳು ಸಾಲಾಗಿ ಬರುತ್ತವೆ, ಬುಡದಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಸುಮಾರು 200 ಹರ್ಟ್ಜ್ ದನಿಯ ಹೆಂಗಸಾದರೆ ಗೀಟಿನಿಂದ ಗೀಟಿಗೆ 5 ಮಿಲಿಸೆಕೆಂಡ್. ಕ್ ಮತ್ತು ತ್ ನಡುವೆ ಅಂಥ ಎಂಟು ಗೀಟು ಕಂಡರೆ 40 ಮಿಲಿಸೆಕೆಂಡಿನ ಕಳ್ಳ ಇಕಾರ ಸಿಕ್ಕಿಬಿತ್ತು. ಗೀರು ಆದ ಮೇಲೆ ಗೀಟಿಲ್ಲದ ಬೂದು ಮಸುಕು ಮಾತ್ರ ಇದ್ದರೆ ಅದು ಉಸಿರು, ಸ್ವರವಲ್ಲ. ಮೊದಲ ದಿನಗಳಲ್ಲಿ ಈ ಮಸುಕನ್ನೇ ಸ್ವರ ಎಂದು ಗುರುತು ಹಾಕಿ ಪಾಪದ ರೂಮ್‌ಮೇಟ್ ಉಚ್ಚಾರವನ್ನೇ ತಪ್ಪೆಂದಿದ್ದೆ. ಒಂದು ಗೀರಿನಿಂದ ಇನ್ನೊಂದು ಗೀರಿಗೆ ಎಷ್ಟು ಹೊತ್ತು ಎಂದು ಅಳೆದು, ಅವಳದನ್ನೂ ನಿಮ್ಮದನ್ನೂ ಪಕ್ಕಪಕ್ಕ ಬರೆದುಕೊಳ್ಳಿ. ಬೇಗ ಹೇಳಿದ ವಾಕ್ಯದ ಜೊತೆ ನಿಧಾನ ಹೇಳಿದ್ದನ್ನು ಹೋಲಿಸಬೇಡಿ.

ಹದಿನೆಂಟು ಏನಾಯಿತು? ಆಡುಮಾತಿನಲ್ಲಿ ಅವರೇ 'ಒಪ್ತಿಶ್ಪೆ' ಎನ್ನುತ್ತಾರೆ ಎಂದು ಗೊತ್ತಾಯಿತು. ನಡುವೆ ಅವರೂ ಒಂದು ಇಕಾರ ತೂರಿಸಿಕೊಂಡಿದ್ದಾರೆ! ನಮ್ಮ ಹುಡುಗಿ ಈಗ ಅಂಗಡಿಯಲ್ಲಿ ಅದನ್ನೇ ಬಳಸುತ್ತಾಳೆ.

ಪದದ ಕೊನೆಗೂ ಒಂದು ಮಾತು. 'ಲುಪ್' ಎಂದರೆ ತೋಳ. ಕೊನೆಗೆ ಇ ಬರೆದರೆ ತೋಳಗಳು, ಆದರೆ ಅದನ್ನು 'ಲುಪಿ' ಎಂದು ಎರಡು ಅಕ್ಷರ ಮಾಡಬಾರದು. ಪ್ ಹೇಳುವಾಗಲೇ ನಾಲಿಗೆಯನ್ನು ಇಕಾರದ ಜಾಗಕ್ಕೆ ಏರಿಸಿ, ಉಸಿರನ್ನಷ್ಟೇ ಬಿಡಿ. ಪ್ರಾಟ್‌ನಲ್ಲಿ ಗೀಟು ಕಾಣಿಸಲೇಬಾರದು. ಇಲ್ಲಿ ನಮ್ಮವರು ಇಕಾರಕ್ಕಿಂತ ಬೀಳುವುದು ಉಕಾರಕ್ಕೆ. ಬಸ್ಸು, ಕಾರು, ಲೈಟು ಎಂದು ರೂಢಿ ಅಲ್ವಾ? ಅವರ ಭಾಷೆಯಲ್ಲಿ ಪದದ ಕೊನೆಯ 'ಉಲ್' ಎಂದರೆ 'ಆ' ಎಂದು ಬೊಟ್ಟು ಮಾಡಿದ ಹಾಗೆ, ಮಾತಿನಲ್ಲಿ ಅದರ ಲ್ ಬಿದ್ದು ಬರೀ ಉ ಉಳಿಯುತ್ತದೆ. ನಮ್ಮ ಹುಡುಗಿ 'ಬಸ್ ಇದೆಯಾ?' ಎಂದು ಕೇಳಲು ಹೋಗಿ ರೂಢಿಯಂತೆ 'ಆಉತೊಬುಜ಼ು' ಎಂದಿದ್ದಾಳೆ. ಸ್ಟಾಪಿನಲ್ಲಿದ್ದ ಅಜ್ಜಿ ರಸ್ತೆ ಕಡೆ ಕತ್ತು ಚಾಚಿ, 'ಯಾವ ಬಸ್ಸು?' ಎಂದು ಹುಡುಕಿದರಂತೆ.