ಗೇರ್ ಬಾಕ್ಸ್ ಇಳಿಸದೆಯೇ ಸೆಕೆಂಡ್ ಗೇರ್ ಸರಿಹೋಯಿತು: ನನ್ನ ಅನುಭವ

ಹೋದ ಜನವರಿಯಲ್ಲಿ ಒಂದು ಬೆಳಿಗ್ಗೆ ನಮ್ಮ ಮೆಕ್ಯಾನಿಕ್‌ನನ್ನು ಮನೆಗೆ ಕರೆಸಿ ಆಲ್ಟೋ ಕೀಲಿ ಅವನ ಕೈಗೆ ಕೊಟ್ಟೆ. ಸಮಯ ಆರೂವರೆ. ಮೂಡಿಗೆರೆಯ ಚಳಿ ಗೊತ್ತಲ್ಲ, ಗಾಜಿನ ತುಂಬ ಇಬ್ಬನಿ. ಅವನು ಸ್ಟಾರ್ಟ್ ಮಾಡಿದ, ಫಸ್ಟ್ ಹಾಕಿ ಗೇಟ್ ದಾಟಿದ, ಎರಡೇ ಬೆರಳಲ್ಲಿ ಲಿವರ್ ಎಳೆದು ಸೆಕೆಂಡ್‌ಗೆ ಹಾಕಿದ. ಬಿತ್ತು. ಸದ್ದಿಲ್ಲ, ತಡೆ ಇಲ್ಲ. ಕೊಟ್ಟಿಗೆಹಾರಕ್ಕೆ ಹೋಗಿ ನೀರು ದೋಸೆ ತಿಂದು ವಾಪಸ್ ಬರುವವರೆಗೂ ಅವನು ಬೇಕೆಂದೇ ಗೇರ್ ಮೇಲೆ ಕೆಳಗೆ ಮಾಡಿ ನೋಡುತ್ತಿದ್ದ. ಕೊನೆಗೆ ಕೇಳಿದ: "ಯಾರ ಹತ್ರ ಬಿಚ್ಚಿಸಿದ್ರಿ ಅಣ್ಣಾ?"

ಬಿಚ್ಚಿಸಿಯೇ ಇಲ್ಲ ಅಂದೆ. ಬರೀ ಗೇರ್ ಎಣ್ಣೆ ಬದಲಾಯಿಸಿದ್ದು. ಅದಕ್ಕೂ ಒಂದು ವರ್ಷದ ಹಿಂದೆ ಇದೇ ಮನುಷ್ಯ "ಎಣ್ಣೆ ಬದಲಾಯಿಸಿದ್ರೆ ಸವೆದ ರಿಂಗ್ ಮತ್ತೆ ಬೆಳೆಯುತ್ತಾ ಅಣ್ಣಾ?" ಎಂದು ಕೇಳಿದ್ದ. ನಮ್ಮ ಭಾವನೂ ಅದೇ ಹೇಳಿದ್ದರು. ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಯಾರೂ ಒಪ್ಪಿರಲಿಲ್ಲ. ಹಾಗಾಗಿ ಹೇಗೆ ಮಾಡಿದೆ, ಎಲ್ಲಿ ದುಡ್ಡು ಕಳೆದುಕೊಂಡೆ ಎನ್ನುವುದನ್ನೆಲ್ಲ ಬರೆದಿಡೋಣ ಅನ್ನಿಸಿತು.

ಗಾಡಿ 2009ರ ಆಲ್ಟೋ, 796 ಸಿಸಿ. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ತೊಂದರೆ ಶುರುವಾದಾಗ ಒಂದು ಲಕ್ಷ ಇಪ್ಪತ್ತು ಸಾವಿರದ ಹತ್ತಿರ ಓಡಿತ್ತು. ಗೇರ್ ಎಣ್ಣೆ ಅದುವರೆಗೆ ಯಾವತ್ತಾದರೂ ಬದಲಾಗಿತ್ತೋ ಇಲ್ಲವೋ ಹಳೇ ಮಾಲೀಕರಿಗೂ ನೆನಪಿರಲಿಲ್ಲ. ಎಂಜಿನ್ ಎಣ್ಣೆ ಎಲ್ಲರೂ ತಪ್ಪದೆ ಹಾಕಿಸುತ್ತೇವೆ, ಗೇರ್ ಎಣ್ಣೆಯನ್ನು ಯಾರೂ ಕೇಳುವುದಿಲ್ಲ, ಅಲ್ವಾ?

ಲಕ್ಷಣ ಹೀಗಿತ್ತು. ಬೆಳಿಗ್ಗೆ ಮೊದಲ ಮೂರು ನಾಲ್ಕು ಕಿಲೋಮೀಟರ್ ಸೆಕೆಂಡ್ ಗೇರ್ ಹಾಕುವುದೆಂದರೆ ಗಟ್ಟಿ ನೆಲಕ್ಕೆ ಗೂಟ ಇಳಿಸಿದ ಹಾಗೆ. ತೋಳು ನೋಯುತ್ತಿತ್ತು. ಬಿಸಿಯಾದ ಮೇಲೆ ಮೇಲಕ್ಕೆ ಹಾಕುವ ಗೇರ್‌ಗಳು ಪರವಾಗಿಲ್ಲ. ಆದರೆ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಥರ್ಡ್‌ನಿಂದ ಸೆಕೆಂಡ್‌ಗೆ ಇಳಿಸುವಾಗ ಒಮ್ಮೊಮ್ಮೆ 'ಕರ್ರ್' ಅನ್ನುತ್ತಿತ್ತು. ನಾನು ತಿಂಗಳಿಗೆ ಎರಡು ಸಲವಾದರೂ ಉಜಿರೆಗೆ ಇಳಿದು ಹತ್ತುವವನು. ಆ ತಿರುವಿನಲ್ಲಿ ಹಿಂದೆ ಲಾರಿ ಇರುವಾಗ ಸೆಕೆಂಡ್ ಬೀಳದಿದ್ದರೆ ಏನಾಗುತ್ತದೆ ಎಂದು ಘಾಟಿ ಹತ್ತಿದವರಿಗೆ ಬೇರೆ ಹೇಳಬೇಕಿಲ್ಲ.

ಮೊದಲು ಹೋದ ಗ್ಯಾರೇಜಿನಲ್ಲಿ ಕ್ಲಚ್ ಅಂದರು. ಪ್ಲೇಟ್, ಪ್ರೆಷರ್ ಪ್ಲೇಟ್, ಬೇರಿಂಗ್ ಸೇರಿ ನಾಲ್ಕು ಸಾವಿರದ ಚಿಲ್ಲರೆ, ಕೂಲಿ ಒಂದೂವರೆ ಸಾವಿರ, ಜೊತೆಗೆ ಕೇಬಲ್ಲೂ ಹೊಸದು. ಹತ್ತಿರ ಹತ್ತಿರ ಆರು ಸಾವಿರ ಹೋಯಿತು. ಕ್ಲಚ್ ಮೃದುವಾಯಿತು, ಗೇರ್ ಹಾಗೆಯೇ ಉಳಿಯಿತು. ಆಗ ನಾನು ಮಾಡಬೇಕಿದ್ದ ಪರೀಕ್ಷೆ ಬಹಳ ಸುಲಭದ್ದು. ಎಂಜಿನ್ ಆಫ್ ಇರುವಾಗ ಗೇರ್ ಹಾಕಿ ನೋಡಿ, ಆನ್ ಮಾಡಿ ನಿಂತಲ್ಲೇ ಮತ್ತೆ ಹಾಕಿ ನೋಡಿ. ಆಫ್‌ನಲ್ಲಿ ಬೆಣ್ಣೆ, ಆನ್‌ನಲ್ಲಿ ಎಲ್ಲ ಗೇರ್‌ಗಳೂ ಬಿಗಿ ಅಂದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ನನ್ನದರಲ್ಲಿ ನಿಂತಾಗ ಎರಡೂ ಕಡೆ ವ್ಯತ್ಯಾಸವೇ ಇರಲಿಲ್ಲ. ಓಡುವಾಗ ಮಾತ್ರ, ಅದೂ ಸೆಕೆಂಡ್ ಮಾತ್ರ ತಕರಾರು. ಇದು ಕ್ಲಚ್ ಅಲ್ಲ ಎಂದು ಆರು ಸಾವಿರ ಕೊಟ್ಟ ಮೇಲೆ ತಿಳಿಯಿತು.

ಆಮೇಲೆ ನಮ್ಮ ಮೆಕ್ಯಾನಿಕ್ ಹೇಳಿದ್ದು ಗೇರ್ ಬಾಕ್ಸ್ ಇಳಿಸಬೇಕು, ಸಿಂಕ್ರೋ ರಿಂಗ್ (ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಹಿತ್ತಾಳೆ ಬಳೆ) ಹಾಕಬೇಕು, ಒಳಗೆ ಬೇರಿಂಗ್ ನೋಡಬೇಕು, ಹದಿನಾರರಿಂದ ಹದಿನೆಂಟು ಸಾವಿರ. ಗಾಡಿಯ ಬೆಲೆಯೇ ಒಂದು ಲಕ್ಷ. ಅದಕ್ಕೆ ಮನಸ್ಸು ಒಪ್ಪಲಿಲ್ಲ.

ಎಣ್ಣೆಯಿಂದಲೇ ನೋಡೋಣ ಎಂದು ಪೇಟೆಯ ಅಂಗಡಿಗೆ ಹೋದೆ. ಇಲ್ಲಿ ಯಾರನ್ನು ಕೇಳಿದರೂ ಗೇರ್ ಎಣ್ಣೆ ಎಂದರೆ 'ನೈಂಟಿ ನಂಬರ್'. ಅಂಗಡಿಯವರು ಒಳ್ಳೆಯ ಮನಸ್ಸಿನಿಂದಲೇ 80ಡಬ್ಲ್ಯು-90, ಜಿಎಲ್-5 ಕೊಟ್ಟರು. ಮೊದಲ ಸಂಖ್ಯೆ ಚಳಿಯಲ್ಲಿ, ಎರಡನೆಯದು ಬಿಸಿಯಲ್ಲಿ ಎಣ್ಣೆ ಎಷ್ಟು ದಪ್ಪ ಎನ್ನುವುದು; ಜಿಎಲ್ ಎಂದರೆ ಗೇರ್ ಎಣ್ಣೆಯ ದರ್ಜೆ. "ಇದು ಜಿಎಲ್-4ಗಿಂತ ಮೇಲಿನದು ಸಾರ್, ದುಡ್ಡು ಸ್ವಲ್ಪ ಜಾಸ್ತಿ, ಆದ್ರೆ ಗೇರ್‌ಗೆ ಭದ್ರ." ಐದರ ಸಂಖ್ಯೆ ನಾಲ್ಕಕ್ಕಿಂತ ದೊಡ್ಡದು, ನಾನೂ ನಂಬಿದೆ. ಸಾವಿರದ ನೂರು ರೂಪಾಯಿ ಇರಬೇಕು.

ಮೊದಲ ವಾರ ಹೊಸ ಎಣ್ಣೆಯ ಖುಷಿ. ಎರಡನೇ ವಾರದಿಂದ ಘಾಟಿಯಲ್ಲಿ 'ಕರ್ರ್' ಮೊದಲಿಗಿಂತ ಹೆಚ್ಚಾಯಿತು. ಕಾರಣ ಆಮೇಲೆ ಅರ್ಥವಾಯಿತು. ಸಿಂಕ್ರೋ ರಿಂಗ್ ಕೆಲಸ ಮಾಡುವುದೇ ಉಜ್ಜುವುದರಿಂದ. ಹಿತ್ತಾಳೆ ರಿಂಗ್ ಗೇರಿನ ಕೋನ್ ಅನ್ನು ಒಂದು ಕ್ಷಣ ಹಿಡಿದು ನಿಧಾನ ಮಾಡಬೇಕು, ಆಗಲೇ ಹಲ್ಲು ಕೂಡುವುದು. ಜಿಎಲ್-5ರಲ್ಲಿ ಗಂಧಕ, ರಂಜಕ ಸೇರಿದ ಔಷಧಿ ಜಿಎಲ್-4ರ ಹತ್ತಿರ ಹತ್ತಿರ ಎರಡು ಪಟ್ಟು ಇರುತ್ತದೆ. ಅದು ಹಿಂದಿನ ಆಕ್ಸಲ್‌ನ ಕ್ರೌನ್ ಪಿನಿಯನ್‌ಗೆ ಬೇಕಾದದ್ದು, ಅಲ್ಲಿ ಹಲ್ಲಿನ ಮೇಲೆ ಹಲ್ಲು ಜಾರಿಕೊಂಡು ಒತ್ತುತ್ತದೆ. ಆಲ್ಟೋಗೆ ಅಂಥ ಪಿನಿಯನ್ನೇ ಇಲ್ಲ. ರಿಂಗ್ ಹಿಡಿಯಬೇಕಾದಲ್ಲಿ ಜಾರಿದರೆ ಏನು ಪ್ರಯೋಜನ? ಮೇಲಾಗಿ ಆ ಔಷಧಿ ಹಿತ್ತಾಳೆಗೆ ಒಳ್ಳೆಯದೂ ಅಲ್ಲ. ಕಾರಿನ ಪುಸ್ತಕದಲ್ಲೇ ಜಿಎಲ್-4 ಎಂದು ಅಚ್ಚಾಗಿದೆ. ಡ್ಯಾಶ್‌ಬೋರ್ಡಿನ ಡಬ್ಬಿಯಲ್ಲೇ ಇದ್ದ ಪುಸ್ತಕ.

ಎಣ್ಣೆ ಇಳಿಸಿದಾಗಲೆಲ್ಲ ನಾನೊಂದು ಕೆಲಸ ಮಾಡುತ್ತೇನೆ, ನೀವೂ ಮಾಡಿ. ಒಂದು ಸ್ಟೀಲ್ ತಟ್ಟೆಗೆ ಸ್ವಲ್ಪ ಸುರಿದು ಬಿಸಿಲಿಗೆ ಹಿಡಿಯಿರಿ. ಹಳೇ ಸ್ಪೀಕರಿನ ಮ್ಯಾಗ್ನೆಟ್ ತಟ್ಟೆಯ ಕೆಳಗೆ ಓಡಿಸಿ. ಬೂದು ಬಣ್ಣದ ನುಣ್ಣನೆಯ ಕೆಸರು ಮ್ಯಾಗ್ನೆಟ್ ಹಿಂದೆ ಬಂದರೆ ಅದು ಕಬ್ಬಿಣ, ಸಹಜ ಸವೆತ. ಮ್ಯಾಗ್ನೆಟ್‌ಗೆ ಜಗ್ಗದೆ ಹೊನ್ನಿನ ಪುಡಿಯ ಹಾಗೆ ಮಿನುಗುತ್ತಾ ನಿಂತರೆ ಅದು ರಿಂಗ್‌ನ ಹಿತ್ತಾಳೆ. ನನ್ನ ಮೊದಲ ಎಣ್ಣೆಯಲ್ಲಿ ಮಿನುಗು ಇತ್ತು, ಆದರೆ ಅಲ್ಲಲ್ಲಿ ಮಾತ್ರ. ಉಗುರಿಗೆ ಸಿಗುವಂಥ ಚೂರು ಒಂದೂ ಇರಲಿಲ್ಲ. ರಿಂಗ್‌ನಲ್ಲಿ ಇನ್ನೂ ಜೀವ ಇದೆ ಎಂದು ನನಗೆ ಧೈರ್ಯ ಬಂದದ್ದು ಆ ತಟ್ಟೆಯಿಂದಲೇ.

ಇನ್ನು ಚಳಿಯ ವಿಷಯ. ಬೆಳಗಿನ ಬಿಗಿಗೆ ಎಣ್ಣೆಯ ದಪ್ಪವೇ ಕಾರಣ ಎಂಬ ಅನುಮಾನ ಇತ್ತು. ಇದನ್ನು ಕಣ್ಣಾರೆ ನೋಡಬೇಕಿತ್ತು. ಗಾರೆ ಕೆಲಸದವರ ಲೆವೆಲ್ ಪೈಪ್, ಪಾರದರ್ಶಕವಾದದ್ದು, ಒಂದೊಂದು ಅಡಿಯ ಮೂರು ತುಂಡು ಮಾಡಿದೆ. ಕೆಳಗೆ ಬಿರಡೆ ಹಾಕಿ ಮೂರು ಬಗೆಯ ಎಣ್ಣೆ ತುಂಬಿ ಫ್ರಿಜ್‌ನ ಕೆಳಗಿನ ಅರೆಯಲ್ಲಿ ರಾತ್ರಿಯಿಡೀ ನಿಲ್ಲಿಸಿದೆ. ಮನೆಯವಳು "ರೀ, ಹಾಲಿನ ಪಕ್ಕ ಇದನ್ನ ಇಡ್ತೀರಾ?" ಎಂದು ಸರಿಯಾಗೇ ಬೈದಳು. ಫ್ರೀಜರ್ ಬೇಡ ಎಂದು ನಾನು ಮೊದಲೇ ತೀರ್ಮಾನಿಸಿದ್ದೆ, ನಮ್ಮೂರಿನಲ್ಲಿ ಯಾವತ್ತೂ ಹಿಮ ಬೀಳುವುದಿಲ್ಲವಲ್ಲ. ಬೆಳಿಗ್ಗೆ ಸೈಕಲ್ ಬೇರಿಂಗ್‌ನ ಸಣ್ಣ ಗುಂಡು ಒಂದೊಂದರಲ್ಲೂ ಬಿಟ್ಟು ಮೊಬೈಲ್‌ನಲ್ಲಿ ಸಮಯ ನೋಡಿದೆ. 80ಡಬ್ಲ್ಯು-90ರಲ್ಲಿ ತಳ ಮುಟ್ಟಲು ಏಳೆಂಟು ಸೆಕೆಂಡ್. ಸಿಂಥೆಟಿಕ್ 75ಡಬ್ಲ್ಯು-90ರಲ್ಲಿ ನಾಲ್ಕೈದು. 75ಡಬ್ಲ್ಯು-80ರಲ್ಲಿ ಎರಡು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಮಗಳು ಮೂರು ಸಲ ಎಣಿಸಿದಳು, ಹೆಚ್ಚು ಕಡಿಮೆ ಅಷ್ಟೇ ಬಂತು. ಗುಂಡಿಗೇ ಇಷ್ಟು ಕಷ್ಟವಾದರೆ ಬೆಳಗ್ಗೆ ಸುತ್ತುತ್ತಿರುವ ಗೇರನ್ನು ರಿಂಗ್ ಹೇಗೆ ಹಿಡಿಯಬೇಕು?

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಗೇರ್ ಎಣ್ಣೆಯ 90ನ್ನು ಎಂಜಿನ್ ಎಣ್ಣೆಯ 40ಕ್ಕೆ ಹೋಲಿಸಬೇಡಿ. ಅಳತೆಗೋಲೇ ಬೇರೆ. 75ಡಬ್ಲ್ಯು-90 ಬಿಸಿಯಾದಾಗ ಹೆಚ್ಚು ಕಡಿಮೆ 40ರ ಎಂಜಿನ್ ಎಣ್ಣೆಯಷ್ಟೇ ದಪ್ಪ. ಇದನ್ನು ತಿಳಿಯದೆ ಒಬ್ಬರು ತೋಟದ ಜೀಪಿಗೆ "ಸದ್ದು ಕಡಿಮೆಯಾಗಲಿ" ಎಂದು 140 ಹಾಕಿಸಿದ್ದರು. ಸದ್ದು ನಿಜವಾಗಿ ಕಡಿಮೆಯಾಯಿತು. ಆದರೆ ಡಿಸೆಂಬರಿನಲ್ಲಿ ಕೊಯ್ಲಿನ ಆಳುಗಳನ್ನು ಕರೆತರಲು ಹೊರಟರೆ ಅರ್ಧ ದಾರಿಯವರೆಗೂ ಸೆಕೆಂಡ್ ಬೀಳುತ್ತಿರಲಿಲ್ಲ. ನಾನೇ ಇಳಿಸಿಕೊಟ್ಟೆ.

ಆಲ್ಟೋಗೆ ಬರೋಣ. ಜಿಎಲ್-4 ಸಿಂಥೆಟಿಕ್ ಮೂಡಿಗೆರೆಯಲ್ಲಿ ಸಿಗಲಿಲ್ಲ, ಹಾಸನದಲ್ಲೂ ಇರಲಿಲ್ಲ. ಬೆಂಗಳೂರಿಗೆ ಹೋದಾಗ ಜೆ.ಸಿ. ರೋಡಿನಲ್ಲಿ ತಂದೆ, ಲೀಟರಿಗೆ ಐನೂರೈವತ್ತರಿಂದ ಆರುನೂರು. ಡಬ್ಬಿಯ ಹಿಂದೆ 'ಜಿಎಲ್-4' ಎಂದಷ್ಟೇ ಇರುವುದನ್ನು ಹುಡುಕಿ ತಗೊಂಡೆ. 'ಜಿಎಲ್-4/5' ಎಂದು ಎರಡೂ ಬರೆದಿದ್ದನ್ನು ನಾನು ಬಿಟ್ಟೆ. ಅದನ್ನು ಹಾಕಿ ಚೆನ್ನಾಗಿದೆ ಎನ್ನುವವರೂ ಇದ್ದಾರೆ, ಅವರ ಅನುಭವ ಅವರದು.

ಮೊದಲು 75ಡಬ್ಲ್ಯು-80 ಮಾತ್ರ ಹಾಕಿದೆ. ಬೆಳಿಗ್ಗೆ ಅದ್ಭುತ. ಆದರೆ ಘಾಟಿ ಹತ್ತಿ ಬಿಸಿಯಾದ ಮೇಲೆ ಗೇರ್ ಬಾಕ್ಸ್‌ನಿಂದ ಸಣ್ಣಗೆ 'ಗುಂಯ್' ಸದ್ದು. ಹೆಚ್ಚು ಓಡಿದ ಗಾಡಿಗೆ ಅದು ತೆಳ್ಳಗಾಯಿತು. ಪೂರ್ತಿ 75ಡಬ್ಲ್ಯು-90 ಹಾಕಿದಾಗ ಸದ್ದು ಹೋಯಿತು, ಬೆಳಗಿನ ಬಿಗಿ ಸ್ವಲ್ಪ ಉಳಿಯಿತು. ಕೊನೆಗೆ ಒಂದೇ ಕಂಪನಿಯ, ಒಂದೇ ಸಾಲಿನ ಈ ಎರಡನ್ನೂ ಬೆರೆಸಿದೆ. ಅಲ್ಲಿಗೆ ಗುರಿ ಮುಟ್ಟಿತು. ಯಾವ ಕಂಪನಿ, ಎಷ್ಟಕ್ಕೆ ಎಷ್ಟು ಎನ್ನುವುದು ಮಾತ್ರ ನನ್ನ ಹತ್ತಿರವೇ ಇರಲಿ. ಅದಕ್ಕೆ ನನಗೆ ಎಂಟು ತಿಂಗಳು, ನಾಲ್ಕು ಸಲದ ಎಣ್ಣೆ ಖರ್ಚಾಗಿದೆ. ನಿಮ್ಮ ಗಾಡಿ, ನಿಮ್ಮ ಊರಿನ ಚಳಿ ನೋಡಿ ಅಳತೆ ನೀವೇ ಹುಡುಕಿಕೊಳ್ಳಬೇಕು.

ಹಾಕುವ ಕೆಲಸ ನಿಮಗೆಲ್ಲ ಗೊತ್ತಿರುವುದೇ. ನಾನು ಏಟು ತಿಂದ ಜಾಗ ಮಾತ್ರ ಹೇಳುತ್ತೇನೆ. ಮೊದಲು ತುಂಬುವ ಪ್ಲಗ್ ಬಿಚ್ಚಿ, ಆಮೇಲೆ ಇಳಿಸುವ ಪ್ಲಗ್. ಜಿಎಲ್-5 ಹಾಕಿದ ದಿನ ನಾನು ಉಲ್ಟಾ ಮಾಡಿದೆ. ಎಣ್ಣೆ ಎಲ್ಲ ಇಳಿದ ಮೇಲೆ ಮೇಲಿನ ಪ್ಲಗ್ ಜಪ್ಪಯ್ಯ ಅಂದರೂ ತಿರುಗಲಿಲ್ಲ. ಗಾಡಿ ಖಾಲಿ ಗೇರ್ ಬಾಕ್ಸ್‌ನಲ್ಲಿ ಎರಡು ದಿನ ಅಂಗಳದಲ್ಲೇ ನಿಂತಿತ್ತು. ತುಕ್ಕಿನ ಸ್ಪ್ರೇ ಹೊಡೆದು, ಹೊಡೆದು, ಮೂರನೇ ದಿನ ಬಿಟ್ಟುಕೊಟ್ಟಿತು.

ಇನ್ನೊಂದು, ನಮ್ಮ ಮಲೆನಾಡಿನ ಅಂಗಳ ಯಾವತ್ತೂ ಸಮ ಇರುವುದಿಲ್ಲ. ತುಂಬುವ ತೂತಿನ ಅಂಚಿಗೆ ಎಣ್ಣೆ ಬಂದರೆ ಸಾಕು ಎನ್ನುವ ಲೆಕ್ಕ ಗಾಡಿ ಮಟ್ಟಸ ನಿಂತಾಗ ಮಾತ್ರ ಸರಿ. ಇಳಿಜಾರಿನಲ್ಲಿ ನಿಲ್ಲಿಸಿ ತುಂಬಿದಾಗ ನನಗೆ ಅರ್ಧ ಲೀಟರ್‌ನಷ್ಟು ಕಡಿಮೆ ಬಿದ್ದಿತ್ತು. ನೂರು ಕಿಲೋಮೀಟರ್ ಆಗುವಷ್ಟರಲ್ಲಿ ಐದನೇ ಗೇರಿನಲ್ಲಿ ಸದ್ದು ಶುರು. ಐದನೆಯದು ತುದಿಯ ಕವರ್ ಒಳಗೆ ಇರುವುದರಿಂದ ಎಣ್ಣೆ ಕಡಿಮೆಯಾದರೆ ಮೊದಲು ಒಣಗುವುದು ಅದೇ. ಪುಣ್ಯಕ್ಕೆ ಬೇಗ ಕಿವಿಗೆ ಬಿತ್ತು. ಈಗ ನಾನು ವಾಟರ್ ಸರ್ವೀಸ್ ಮಾಡುವವರ ಲಿಫ್ಟ್ ಮೇಲೆ ಹಾಕಿಸುತ್ತೇನೆ, ನೂರು ರೂಪಾಯಿ ಕೊಟ್ಟರೆ ಅರ್ಧ ಗಂಟೆ ಬಿಟ್ಟುಕೊಡುತ್ತಾರೆ. ಒಟ್ಟು ಎರಡೂಕಾಲು ಲೀಟರ್ ಹತ್ತಿರ ಹಿಡಿಯುತ್ತದೆ.

ಒಂದೇ ಸಲ ಬದಲಾಯಿಸಿ ಫಲ ನೋಡಬೇಡಿ, ಇದು ನನ್ನ ಗಟ್ಟಿ ಅಭಿಪ್ರಾಯ. ಹದಿನೈದು ಕಿಲೋಮೀಟರ್ ಓಡಿಸಿ ಬಿಸಿ ಇರುವಾಗ ಇಳಿಸಿದರೂ ಹಳೆಯದು ಒಳಗೆ ಮೂಲೆಗಳಲ್ಲಿ ಉಳಿಯುತ್ತದೆ. ಜಿಎಲ್-5 ಹಾಕಿದ್ದ ಗೇರ್ ಬಾಕ್ಸಿಗಂತೂ ಎರಡು ಸಲ ಬೇಕೇ ಬೇಕು. ನಾನು ಬೆರಕೆಗೆ ಮೊದಲು ಅಗ್ಗದ ಜಿಎಲ್-4 ಹಾಕಿ ಮುನ್ನೂರು ಕಿಲೋಮೀಟರ್ ಓಡಿಸಿ ಇಳಿಸಿದೆ. ಅದು ಕಾಫಿ ಡಿಕಾಕ್ಷನ್ ಬಣ್ಣದಲ್ಲಿ ಬಂತು. ಆಮೇಲೆ ನನ್ನ ಬೆರಕೆ. ಹೊಸ ಎಣ್ಣೆ ಹಾಕಿದ ಮೇಲೆ ಮೊದಲ ಐವತ್ತು ಕಿಲೋಮೀಟರ್ ಗೇರ್ ಹಾಕುವ ಒಂದು ಕ್ರಮ ಇದೆ, ರಿಂಗ್ ಹೊಸ ಎಣ್ಣೆಗೆ ಹೊಂದಿಕೊಳ್ಳಲು. ಅದನ್ನು ಎದುರು ಕೂರಿಸಿಕೊಂಡೇ ತೋರಿಸಬೇಕು.

ಫಲ ಒಂದೇ ದಿನಕ್ಕೆ ಬರಲಿಲ್ಲ. ಬೆಳಗಿನ ಬಿಗಿ ಮರುದಿನವೇ ಹೋಯಿತು. ಘಾಟಿಯ 'ಕರ್ರ್' ನಿಲ್ಲಲು ಐನೂರು ಆರುನೂರು ಕಿಲೋಮೀಟರ್ ಹಿಡಿಯಿತು. ಆ ಮೇಲೆ ಏಳು ಸಾವಿರ ಓಡಿದ್ದೇನೆ, ಒಂದು ಸಲವೂ ಕೇಳಿಲ್ಲ. ಕೊನೆಯ ಎರಡು ಸುತ್ತಿನ ಎಣ್ಣೆ, ವಾಷರ್, ಲಿಫ್ಟ್ ಸೇರಿ ಮೂರು ಸಾವಿರದೊಳಗೆ ಮುಗಿಯಿತು. ದಾರಿ ತಪ್ಪಿ ಹಾಳಾದದ್ದು, ಕ್ಲಚ್ಚೂ ಸೇರಿ, ಒಂಬತ್ತು ಸಾವಿರ ಆಗಿರಬಹುದು.

ಎಲ್ಲ ಗಾಡಿಗೂ ಇದು ಔಷಧಿ ಅಲ್ಲ. ಭಾವನ ಡೀಸೆಲ್ ಸ್ವಿಫ್ಟ್‌ಗೆ ಮಾಡಿದೆ, ಚೆನ್ನಾಗಿ ಕೆಲಸ ಮಾಡಿತು. ಈಗ ಅವರೇ ನೆಂಟರಿಗೆಲ್ಲ ಹೇಳುತ್ತಾರೆ. ಆದರೆ ಸ್ಟ್ಯಾಂಡಿನ ಒಂದು ಓಮ್ನಿಗೆ ಎರಡು ಸಲ ಬದಲಾಯಿಸಿದರೂ ಆಗಲಿಲ್ಲ. ಅದರಲ್ಲಿ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸೆಕೆಂಡ್ ತಾನಾಗಿಯೇ ಹಾರುತ್ತಿತ್ತು, ತಟ್ಟೆ ತುಂಬ ಹಿತ್ತಾಳೆ. ಹಾಗಿದ್ದರೆ ಎಣ್ಣೆಗೆ ದುಡ್ಡು ಹಾಕಬೇಡಿ, ಬಾಕ್ಸ್ ಇಳಿಸಲೇಬೇಕು. ಬರುವ ಸೋಮವಾರ ನಮ್ಮ ಮೆಕ್ಯಾನಿಕ್ಕೇ ಅದನ್ನು ಬಿಚ್ಚುತ್ತಿದ್ದಾನೆ. ಹಳೇ ಸೆಕೆಂಡ್ ರಿಂಗ್ ಎಸೆಯಬೇಡ, ಹೊಸದರ ಪಕ್ಕ ಇಟ್ಟು ಎಷ್ಟು ಸವೆದಿದೆ ಎಂದು ನಾನು ಅಳೆಯಬೇಕು ಎಂದಿದ್ದೇನೆ. "ಸರಿ ಅಣ್ಣಾ, ಆದ್ರೆ ಆ ಎಣ್ಣೆ ಲೆಕ್ಕ ಹೇಳ್ಬೇಕು" ಎಂದು ಅವನು ಪಟ್ಟು ಹಿಡಿದಿದ್ದಾನೆ.